ಮೊದಲ ಲಾಂಚ್ ಇಲ್ಲ

ನವೆಂಬರ್ ೪, ಮಂಗಳವಾರ

ಇವತ್ತೂ ಬೆಳಕು ಹರಿಯುವ ಮುಂಚೆ ಫೋನು. ಲಾಂಚ್ ಕಂಪನಿಯ ಟಿಕೆಟ್ ಮೇಡಂ. ನಮಸ್ಕಾರ ಇಲ್ಲ, ಎದ್ದಿದ್ದೀರಾ ಅಂತಿಲ್ಲ. ನದಿಯ ಈಚೆ ದಡದಲ್ಲಿ ನಿಂತು ಆಚೆ ದಡದವರನ್ನು ಕರೆಯುವ ಹಾಗೆ, "ಕಂಪ್ಯೂಟರಮ್ಮಾ! ಮಂಜು! ಮೊದಲ ಲಾಂಚ್ ಇಲ್ಲ!" ಎಂದು ಕೂಗಿ ಇಟ್ಟುಬಿಟ್ಟರು. ಎದ್ದು, ಕಣ್ಣುಜ್ಜಿಕೊಂಡು, ಲ್ಯಾಪ್‌ಟಾಪ್ ತೆರೆದು, ಫೈಲು ಹುಡುಕಿ, 'ಎಲ್ಲ ಲಾಂಚ್‌ಗಳೂ ಸಮಯಕ್ಕೆ ಸರಿಯಾಗಿ' ಎಂಬ ಸಾಲನ್ನು ಅಳಿಸಿ, 'ಮಂಜಿನ ಕಾರಣ ಮೊದಲ ಲಾಂಚ್ ಇಲ್ಲ' ಎಂದು ಬರೆದು ಸರ್ವರ್‌ಗೆ ಏರಿಸಿದೆ. ಮತ್ತೆ ನಿದ್ದೆ ಹತ್ತಲಿಲ್ಲ.

ಮಾಡಿದ್ದುಣ್ಣೋ ಮಹರಾಯ. ಹತ್ತು ವರ್ಷದ ಹಿಂದೆ ನಾನೂ ಗೆಳತಿಯೂ ಸೇರಿ ಈ ವೆಬ್‌ಸೈಟು ಕಟ್ಟಿದಾಗ ಟಿಕೆಟ್ ಬುಕಿಂಗಿನ ಮೇಲೇ ಜೀವ ಇಟ್ಟಿದ್ದೆವು. ಪಿಎಚ್‌ಪಿ ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟಿನಲ್ಲಿ ಬರೆದ ಆ ಬುಕಿಂಗ್ ಇವತ್ತಿಗೂ ತಂಟೆ ತಕರಾರಿಲ್ಲದೆ ಓಡುತ್ತಿದೆ. ಆದರೆ ಸೂಚನೆ, ದರ, ನಿಯಮ ಎಲ್ಲ ಕೋಡಿನ ಹೊಟ್ಟೆಯೊಳಗೇ ಕುಳಿತಿವೆ. ಒಂದು ಅಕ್ಷರ ಬದಲಿಸಬೇಕಾದರೂ ನಾವೇ ಬೇಕು. ನಾವು ಅಂದರೆ ಈಗ ನಾನು. ಗೆಳತಿ ಕಳೆದ ಶುಕ್ರವಾರ ಒಂದು ದೊಡ್ಡ ಕಂಪನಿಯ ಕೆಲಸಕ್ಕೆ ಸೇರಲು ಹೊರಟುಹೋದಳು. ಎರಡು ಮೇಜಿನ ಆಫೀಸು, ಹಿಂದೆ ನಾನಿರುವ ಕೋಣೆ, ಕೆಳಗೆ ಬೀಗದ ಕೈ ಮಾಡುವವನ ಅಂಗಡಿ. ಅವಳು ತನ್ನ ಮೇಜನ್ನು ಒರೆಸಿಟ್ಟು ಹೋಗಿದ್ದಾಳೆ. ಯಾವತ್ತೂ ಒರೆಸಿದವಳಲ್ಲ.

ಮಧ್ಯಾಹ್ನ ಲಾಂಚ್ ಕಂಪನಿಯ ಮ್ಯಾನೇಜರ್ ಫೋನ್ ಮಾಡಿದ್ದರು. "ನಮ್ಮ ಬರಹ ನಾವೇ ಹಾಕ್ಕೊಳ್ಳೋ ಹಾಗೆ ಏನಾದ್ರೂ ಮಾಡ್ಕೊಡಿ ಮೇಡಂ. ಸೂಚನೆ, ಫೋಟೋ, ದರ, ಎಲ್ಲ. ಎಷ್ಟು ದಿನ ಅಂತ ನಿಮ್ಮನ್ನ ಕಾಡೋದು?" ಕೋಡು ಮುಟ್ಟದೆ ಬರಹ ಬದಲಿಸುವ ಇಂಥ ವ್ಯವಸ್ಥೆಗೆ ಸಿಎಂಎಸ್ ಎಂಬ ಹೆಸರಿರುವುದು ಅವರಿಗೆ ಗೊತ್ತಿಲ್ಲ. ಕೇಳಿದ್ದು ಅದನ್ನೇ. ಸರಿ ಅಂದೆ. ಬೆಳಗಿನ ಈ ಕೂಗು ತಪ್ಪಿದರೆ ನನಗೂ ಪುಣ್ಯ.

ನವೆಂಬರ್ ೬, ಗುರುವಾರ

ಮೂರನ್ನು ಆರಿಸಿಕೊಂಡಿದ್ದೇನೆ. ತಮಾಷೆಗೆ ಹೆಸರಿಟ್ಟೆ, ಕೇಳಿ ನಗುವವರು ಯಾರೂ ಇಲ್ಲದಿದ್ದರೂ.

ಮೊದಲನೆಯದು ದೊಡ್ಡಣ್ಣ. ಲೋಕವೆಲ್ಲ ಬಳಸುವ ಹಳೆಯ ಸಿಎಂಎಸ್. ಯಾರನ್ನು ಕೇಳಿದರೂ ಕಣ್ಣು ಮುಚ್ಚಿಕೊಂಡು ಅದನ್ನೇ ಹೇಳುತ್ತಾರೆ. ಆದರೆ ಅದು ನಮ್ಮ ಫ್ರೇಮ್‌ವರ್ಕಿನೊಳಗೆ ಬರುವ ಪೈಕಿಯಲ್ಲ, ಪಕ್ಕದಲ್ಲಿ ಬೇರೆ ಸಂಸಾರ ಹೂಡುತ್ತದೆ. ಎರಡು ಮನೆ, ಎರಡು ಬೀಗ, ಎರಡು ಕಡೆ ಕಸ ಗುಡಿಸುವ ಕೆಲಸ. ಜೊತೆಗೆ ಪ್ಲಗಿನ್ನುಗಳೆಂಬ ಬಿಡಿ ಜೋಡಣೆಗಳು, ಕರೆಯದೆ ಬಂದು, ಹೋಗುವ ಮಾತೇ ಎತ್ತದ ನೆಂಟರ ಹಾಗೆ.

ಎರಡನೆಯದು ಮನೆಯಳಿಯ. ನಮ್ಮ ಫ್ರೇಮ್‌ವರ್ಕಿಗೆಂದೇ ಮಾಡಿದ ಪ್ಯಾಕೇಜು. ನಮ್ಮ ಮನೆಯಲ್ಲೇ ಇದ್ದು, ನಮ್ಮ ಡೇಟಾಬೇಸಿನಲ್ಲೇ ಉಂಡು, ನಮ್ಮ ಲಾಗಿನ್ನಿನಿಂದಲೇ ಬಾಗಿಲು ತೆರೆಯುತ್ತದೆ. ಆದರೆ ಅಳಿಯ ಬರುವ ಮುಂಚೆ ಮನೆಗೆ ಸುಣ್ಣಬಣ್ಣ ಆಗಬೇಕಲ್ಲ: ಫ್ರೇಮ್‌ವರ್ಕನ್ನು ಹೊಸ ಆವೃತ್ತಿಗೆ ಏರಿಸಬೇಕು. ಏರಿಸಿದರೆ ಗೆಳತಿ ಬರೆದ ಬುಕಿಂಗ್ ಕೋಡನ್ನು ಅಲ್ಲಲ್ಲಿ ಬಿಚ್ಚಿ ಹೊಲಿಯಬೇಕು.

ಇನ್ನೊಂದು ತಲೆಯಿಲ್ಲದ್ದು. ಬರಹವನ್ನು ಜೋಪಾನವಾಗಿ ಇಟ್ಟುಕೊಂಡು ಕೇಳಿದಾಗ ಕೊಡುತ್ತದೆ, ತಾನು ತೋರಿಸುವುದಿಲ್ಲ. ಪುಟ ಮಾಡಿ ತೋರಿಸುವ ಹೊಣೆ ನಮ್ಮದು. ತಲೆ ಅದಕ್ಕಿಲ್ಲ, ತಲೆನೋವು ನಮಗೆ. ಗೆಳತಿಗೆ ಇದೇ ಇಷ್ಟವಿತ್ತು.

ನವೆಂಬರ್ ೧೦, ಸೋಮವಾರ

ಬೆಳಗ್ಗೆ ಟಿಕೆಟ್ ಮೇಡಂ. ಮಂಜಿಲ್ಲ, ಆದರೂ ಮೊದಲ ಲಾಂಚ್ ತಡ.

"ಯಾಕೆ ಮೇಡಂ? ಕಾರಣ ಏನಂತ ಹಾಕ್ಲಿ?"

"ಆಡು."

"ಏನಂದ್ರಿ?"

"ಆಡು ಕಣಮ್ಮ, ಆಡು! ಹಲಗೆ ಮೇಲೆ ನಿಂತುಬಿಟ್ಟಿದೆ. ಹತ್ತೋದೂ ಇಲ್ಲ, ಇಳಿಯೋದೂ ಇಲ್ಲ. ಹಿಂದೆ ಐವತ್ತು ಜನ ನಿಂತಿದ್ದಾರೆ. ಅದರ ಯಜಮಾನ ಅದರ ಕಾಲು ಹಿಡ್ಕೊಂಡು ಬೇಡ್ಕೋತಾ ಇದ್ದಾನೆ."

'ಅನಿವಾರ್ಯ ಕಾರಣಗಳಿಂದ' ಎಂದು ಬರೆದೆ. ಬರೆದು ಒಬ್ಬಳೇ ಕುಳಿತು ನಕ್ಕೆ. ನನ್ನ ನಗು ನನಗೇ ಅಪರಿಚಿತ ಅನಿಸಿತು, ಪಕ್ಕದ ಮನೆಯಿಂದ ಕೇಳಿಸಿದ ಹಾಗೆ. ಆಮೇಲೆ ಲೆಕ್ಕ ಹಾಕಿದರೆ ಇವತ್ತು ಬಾಯಿಬಿಟ್ಟು ಆಡಿದ ಮಾತೆಂದರೆ ಇಷ್ಟೇ. ಬೀಗದ ಕೈಯವನಿಗೆ ತಲೆಯಾಡಿಸಿದ್ದು ಮಾತಲ್ಲ.

ನವೆಂಬರ್ ೧೭, ಸೋಮವಾರ

ದೊಡ್ಡಣ್ಣನನ್ನು ಇಡೀ ವಾರ ಪರೀಕ್ಷಿಸಿದೆ. ಎಡಗಡೆ ಇಪ್ಪತ್ತು ಬಗೆಯ ಗುಂಡಿಗಳು, ಒಂದೊಂದನ್ನು ಒತ್ತಿದರೆ ಒಳಗೆ ಇನ್ನಷ್ಟು. ಟಿಕೆಟ್ ಕಿಟಕಿಯ ಹಿಂದೆ ಕುಳಿತು, ಚಿಲ್ಲರೆ ಕೊಡುತ್ತಾ, ಜನರನ್ನು ಗದರುತ್ತಾ ಇರುವವರಿಗೆ ಇದನ್ನು ಕೊಡುವುದೆಂದರೆ ಸೊಳ್ಳೆ ಹೊಡೆಯಲು ಫಿರಂಗಿ ಕೊಟ್ಟಂತೆ. ಜೊತೆಗೆ ವಾರಕ್ಕೊಂದು ಸಲ ಏನಾದರೊಂದನ್ನು ಅಪ್‌ಡೇಟ್ ಮಾಡದಿದ್ದರೆ ಕಳ್ಳರಿಗೆ ಕಿಂಡಿ. ಬೇಡ.

ಬೆಳಗ್ಗೆ ಟಿಕೆಟ್ ಮೇಡಂ ಫೋನ್ ಬಂದಾಗ ಕೇಳಿಯೇಬಿಟ್ಟೆ: "ಸೂಚನೆ ನೀವೇ ಬರಿಯೋದಾದ್ರೆ ನಿಮಗೆ ಹೇಗಿರ್ಬೇಕು?"

ಅವರ ಹಿಂದೆ ನೀರಿನ ಸದ್ದು ಕೇಳಿಸಿತು. "ಒಂದು ಡಬ್ಬಿ ಇರ್ಬೇಕು. ನಾನು ಅದರೊಳಗೆ ಬರೀಬೇಕು. ಜನಕ್ಕೆ ಕಾಣ್ಬೇಕು. ಅಷ್ಟೇ. ಬೇರೆ ಏನಿರುತ್ತೆ?"

ಹೌದು, ಬೇರೆ ಏನಿರುತ್ತದೆ.

ನವೆಂಬರ್ ೧೯, ಬುಧವಾರ

ಸ್ವಚ್ಛ ಆಕಾಶ. ಫೋನ್ ಬರಲಿಲ್ಲ.

ನವೆಂಬರ್ ೨೬, ಬುಧವಾರ

ತಲೆಯಿಲ್ಲದ್ದನ್ನೂ ಕೈಬಿಟ್ಟೆ. ಬರಹ ಒಂದು ಕಡೆ, ಪುಟ ಇನ್ನೊಂದು ಕಡೆ, ನಡುವೆ ತಂತಿ. ತಂತಿ ಕಡಿದ ದಿನ ದಡದಲ್ಲಿ ನಿಂತವರಿಗೆ ಖಾಲಿ ಪುಟ. ನಾಲ್ಕು ಕಡೆ ತೋರಿಸಬೇಕಾದ ದೊಡ್ಡ ಪತ್ರಿಕೆಗಾದರೆ ಒಪ್ಪುತ್ತಿತ್ತೇನೋ, ಒಂದು ನದಿಗೆ ಬೇಡ.

ಉಳಿದದ್ದು ಮನೆಯಳಿಯ. ನನ್ನ ಕಂಪ್ಯೂಟರಿನಲ್ಲಿ ಫ್ರೇಮ್‌ವರ್ಕಿನ ನಕಲೊಂದನ್ನು ಹೊಸ ಆವೃತ್ತಿಗೆ ಏರಿಸಿ ಅದನ್ನು ಕೂರಿಸಿದೆ. ಅಚ್ಚುಕಟ್ಟಾಗಿ ಕುಳಿತುಕೊಂಡಿತು. ಸೂಚನೆ ಬರೆದರೆ ಪುಟದಲ್ಲಿ ಕಾಣುತ್ತದೆ, ಅಳಿಸಿದರೆ ಹೋಗುತ್ತದೆ. ಆದರೆ ತಾರೀಖು ತೋರಿಸುವ ರೀತಿ ಸರಿಯಿಲ್ಲ, ವಾರದ ಹೆಸರು ಮೊದಲು ಬರುತ್ತದೆ. ಗುಂಡಿಯ ನೀಲಿ ಬಣ್ಣವೂ ಸ್ವಲ್ಪ ಗಾಢವಾಯಿತು. ಇವೆಲ್ಲ ಸರಿಯಾಗದೆ ಕೊಡುವುದು ಸರಿಯಲ್ಲ.

ಮ್ಯಾನೇಜರ್ ಕೇಳಿದರು, "ಯಾವುದಾದ್ರೂ ನಿರ್ಧಾರ ಆಯ್ತಾ ಮೇಡಂ?"

"ಇನ್ನೊಂದು ವಾರ ಕೊಡಿ ಸರ್. ಪರೀಕ್ಷೆ ನಡೀತಾ ಇದೆ."

"ಪಾಪ, ನಿಮಗೂ ಬೆಳಬೆಳಗ್ಗೆ ಕಾಟ."

ಕಾಟವೇನಿಲ್ಲ ಅಂದೆ. ಆಮೇಲೆ ಟಿಕೆಟ್ ಮೇಡಂಗೆ (ಈಗೀಗ ಅವರನ್ನು ಅಕ್ಕ ಅನ್ನುತ್ತೇನೆ) ಈ ವಿಷಯ ಹೇಳಿದಾಗ ಅವರು, "ಅದು ಬಂದ್ಮೇಲೆ ನಿಮ್ಮನ್ನ ಯಾರು ಕೇಳ್ತಾರೆ? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು!" ಎಂದು ಗಹಗಹಿಸಿ ನಕ್ಕರು. ನಾನೂ ನಕ್ಕೆ. ಹೊಳೆ ದಾಟಿಸುವ ಕಂಪನಿಯವರ ಬಾಯಲ್ಲಿ ಈ ಗಾದೆ!

ಡಿಸೆಂಬರ್ ೩, ಬುಧವಾರ

ದಟ್ಟ ಮಂಜು. ಅಕ್ಕ ಬೇಗ ಫೋನಿಡಲಿಲ್ಲ. ಲಾಂಚ್ ಹೊರಡದಿದ್ದರೆ ಅವರಿಗೂ ಕೆಲಸವಿಲ್ಲವಲ್ಲ. ಅವರ ಗಂಡ ಇದೇ ಲಾಂಚ್ ಓಡಿಸುತ್ತಿದ್ದರಂತೆ. ಈಗ ಕೈ ನಡುಗುವ ಕಾಯಿಲೆ, ಮನೆಯಲ್ಲೇ ಇರುತ್ತಾರೆ. ಆದರೂ ಲಾಂಚ್ ಹೊರಡುವ ಸದ್ದು ಕೇಳಿದರೆ ಅವರ ಕೈ ತಾನಾಗಿ ಚುಕ್ಕಾಣಿ ತಿರುಗಿಸುತ್ತದಂತೆ.

"ಆಗ ನಡುಗಲ್ಲ ನೋಡಿ. ಅದೊಂದು ಗಳಿಗೆ ನಿಂತುಬಿಡುತ್ತೆ," ಅಂದರು.

"ನಿಮ್ಮ ದನಿ ಯಾಕೆ ಹೀಗೆ ಒಡೆದಿದೆ ಅಕ್ಕ?"

"ಮೈಕ್ ಬರೋ ಮುಂಚೆ ನಾನೇ ಮೈಕು. ಇಪ್ಪತ್ತು ವರ್ಷ ಆಚೆ ದಡಕ್ಕೆ ಕೂಗಿ ಕೂಗಿ ಗಂಟಲು ಅಲ್ಲೇ ಬಿಟ್ಟು ಬಂದೆ." ಆಮೇಲೆ, "ನಿಮ್ಮನೇಲಿ ಯಾರ್ಯಾರಿದ್ದೀರಿ?" ಅಂತ ಕೇಳಿದರು.

"ನಾನೇ," ಅಂದೆ.

"ಮಂಜು ತಿಳಿಯಾಗ್ತಿದೆ, ಇಡ್ತೀನಿ," ಎಂದರು. ಆದರೂ ತಕ್ಷಣ ಇಡಲಿಲ್ಲ.

ತಾರೀಖಿನ ಕ್ರಮ ಸರಿಪಡಿಸಿದೆ. ಈಗ ನೋಡಿದರೆ ಅಕ್ಷರದ ಗಾತ್ರ ಒಂದು ಚೂರು ಚಿಕ್ಕದು ಅನಿಸುತ್ತಿದೆ.

ಡಿಸೆಂಬರ್ ೫, ಶುಕ್ರವಾರ

ಗೆಳತಿಗೆ ಫೋನ್ ಮಾಡಿದೆ. ಮೀಟಿಂಗಿನಲ್ಲಿದ್ದಳು. ಸಂಜೆ ಮೆಸೇಜು: "ಯಾವ ಸಿಎಂಎಸ್ ಆಯ್ಕೆ ಮಾಡ್ದೆ?" ಬರೆದೆ, ಉದ್ದವಾಗಿಯೇ ಬರೆದೆ, ದೊಡ್ಡಣ್ಣ, ಅಳಿಯ, ತಲೆಯಿಲ್ಲದ್ದು ಎಲ್ಲ ಸೇರಿಸಿ. ಮೇಲೆತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿದಳು.

ಡಿಸೆಂಬರ್ ೮, ಸೋಮವಾರ

ಮೈ ಬಿಸಿ. ಗಂಟಲು ಕಟ್ಟಿದೆ. ಬೇಗ ಮಲಗುತ್ತೇನೆ.

ಡಿಸೆಂಬರ್ ೧೨, ಶುಕ್ರವಾರ

ಇವತ್ತು ಎದ್ದು ಕೂರಲು ಆಯಿತು.

ಮಂಗಳವಾರ ಬೆಳಗ್ಗೆ ಏನಾಯಿತೆಂದು ನನಗೆ ತಿಳಿದದ್ದು ಬುಧವಾರ ಸಂಜೆ. ಜ್ವರದಲ್ಲಿ ಫೋನು ಹಾಸಿಗೆ ಸಂದಿಗೆ ಬಿದ್ದಿತ್ತು, ಚಾರ್ಜು ಮುಗಿದಿತ್ತು. ಆ ದಿನ ಈ ಚಳಿಗಾಲದ ಎಲ್ಲಕ್ಕಿಂತ ದಟ್ಟ ಮಂಜು. ವೆಬ್‌ಸೈಟಿನಲ್ಲಿ ಮಾತ್ರ 'ಎಲ್ಲ ಲಾಂಚ್‌ಗಳೂ ಸಮಯಕ್ಕೆ ಸರಿಯಾಗಿ'. ಆಚೆ ದಡದಿಂದ ಪ್ರತಿ ಮಂಗಳವಾರ ಡಯಾಲಿಸಿಸ್‌ಗೆ ಬರುವ ಒಬ್ಬ ಮೇಷ್ಟ್ರು ಇದ್ದಾರೆ. ಮಂಜಿನ ಸೂಚನೆ ಕಂಡರೆ ಅವರು ಮಗಳ ಜೊತೆ ಬಸ್ಸು ಹಿಡಿದು ಸೇತುವೆಯ ಬಳಸುದಾರಿಯಲ್ಲಿ ಆಸ್ಪತ್ರೆ ಸೇರುತ್ತಾರೆ. ಅವತ್ತು ಸೂಚನೆ ನಂಬಿ ದಡಕ್ಕೆ ಬಂದರು. ಈಗ ಬರುತ್ತದೆ, ಇನ್ನೇನು ಬರುತ್ತದೆ ಎಂದು ಮಧ್ಯಾಹ್ನದವರೆಗೆ ಆ ಚಳಿಯಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಲಾಂಚ್ ಹತ್ತುವಾಗ ಕುಸಿದುಬಿದ್ದರು. ಆಸ್ಪತ್ರೆಯಲ್ಲಿ ಎರಡು ದಿನ ಇಟ್ಟುಕೊಂಡರು. ಈಗ ಪರವಾಗಿಲ್ಲವಂತೆ, ಮನೆಗೆ ಬಂದಿದ್ದಾರೆ.

ಮ್ಯಾನೇಜರ್ ಕೂಗಾಡಿದರು. ಕೂಗಲಿ. ನ್ಯಾಯವಾದದ್ದೇ.

ಫೋನಿಗೆ ಜೀವ ಬಂದಾಗ ಅಕ್ಕನ ಕರೆಗಳೇ ತುಂಬಿದ್ದವು. ಮಂಗಳವಾರ ಬೆಳಗಿನವು ಅರ್ಥವಾದವು. ಆದರೆ ಬುಧವಾರ ಮಂಜೇ ಇರಲಿಲ್ಲ, ಅವತ್ತೂ ಮಾಡಿದ್ದಾರೆ. ಯಾಕೆ ಅಂತ ಕೇಳಿದೆ.

"ಸೂಚನೆ ಹಾಳಾಗೋಗ್ಲಿ. ಒಬ್ಬರೇ ಇದ್ದೀರಿ ಅಂದಿದ್ರಲ್ಲ. ಏನಾಯ್ತೋ ಏನೋ ಅಂತ ಜೀವ ಹಾರ್ತಿತ್ತು. ವಿಳಾಸನೂ ಗೊತ್ತಿಲ್ಲ ನನಗೆ. ಗಂಜಿ ಪಂಜಿ ಕುಡಿದ್ರಾ?"

ಕುಡಿದೆ ಅಂದೆ. ಕುಡಿದಿರಲಿಲ್ಲ.

ಅಳಿಯ ನನ್ನ ಕಂಪ್ಯೂಟರಿನಲ್ಲಿ ನವೆಂಬರಿನಿಂದಲೇ ಕೆಲಸ ಮಾಡುತ್ತಿದೆ. ಅಕ್ಷರದ ಗಾತ್ರ ಸರಿಯಿಲ್ಲವೆಂದು ನಿಲ್ಲಿಸಿಟ್ಟಿದ್ದೆ. ಇದಕ್ಕಿಂತ ಹೆಚ್ಚು ಬರೆಯಲು ಇವತ್ತು ಕೈ ಬರುತ್ತಿಲ್ಲ.

ಡಿಸೆಂಬರ್ ೧೮, ಗುರುವಾರ

ಮುಗಿಯಿತು. ಗೆಳತಿಯ ಬುಕಿಂಗ್ ಕೋಡನ್ನು ಬಿಚ್ಚಿ ಹೊಸ ಆವೃತ್ತಿಗೆ ಹೊಂದಿಸಿದೆ. ಅವಳ ಕೈ ಪ್ರತಿ ಸಾಲಿನಲ್ಲೂ ಗೊತ್ತಾಗುತ್ತದೆ, ಹೆಸರಿಡುವುದರಲ್ಲಿ ಎಂಥ ಸೋಮಾರಿ. ಒಂದು ಕಡೆ ಮಾತ್ರ ಅವಳು ಬರೆದದ್ದು ನಾನು ಬರೆಯುವುದಕ್ಕಿಂತ ಚೆನ್ನಾಗಿತ್ತು, ಅದನ್ನು ಹಾಗೇ ಬಿಟ್ಟೆ.

ಅಳಿಯನ ಒಳಗಿದ್ದ ಗುಂಡಿಗಳನ್ನೆಲ್ಲ ಟಿಕೆಟ್ ಕಿಟಕಿಯವರಿಗೆ ಕಾಣದ ಹಾಗೆ ಮುಚ್ಚಿದೆ. ಅವರ ಪಾಲಿಗೆ ಒಂದು ಡಬ್ಬಿ. ಡಬ್ಬಿಯ ಕೆಳಗೆ 'ಜನರಿಗೆ ತೋರಿಸು', 'ತೆಗೆದುಬಿಡು'. ಅಷ್ಟೇ. ಉಳಿದ ಪುಟಗಳೆಲ್ಲ ಮ್ಯಾನೇಜರಿಗೆ.

ಸೋಮವಾರ ಹೋಗಿ ಕಲಿಸಿ ಬರಬೇಕು.

ಡಿಸೆಂಬರ್ ೨೨, ಸೋಮವಾರ

ಬಸ್ಸಿನಲ್ಲಿ ಹೋದೆ. ಆ ದನಿಗೆ ತಕ್ಕ ಎತ್ತರದ, ದಪ್ಪನೆಯ ಹೆಂಗಸನ್ನು ಕಲ್ಪಿಸಿಕೊಂಡಿದ್ದೆ. ಕಿಟಕಿಯ ಹಿಂದಿದ್ದದ್ದು ಹಿಡಿಯಷ್ಟು ಜೀವ. ಕುರ್ಚಿಯ ಮೇಲೆ ದಿಂಬು ಹಾಕಿಕೊಂಡು ಕುಳಿತಿದ್ದರು, ಇಲ್ಲದಿದ್ದರೆ ಜನಕ್ಕೆ ಮುಖ ಕಾಣುವುದಿಲ್ಲವಂತೆ. ಅವರೂ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಯ್ಯೋ, ಕನ್ನಡಕ ಇರುತ್ತೆ ಅಂದ್ಕೊಂಡಿದ್ದೆ!"

ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದರು. ನಾಲಿಗೆ ತುಟಿಯಂಚಿಗೆ ಬಂದಿತ್ತು. 'ಎಲ್ಲ ಲಾಂಚ್ ಇದೆ' ಎಂದು ಬರೆದು ಬೆರಳನ್ನು ಗುಂಡಿಯ ಮೇಲೆ ಹಿಡಿದು ನಿಂತುಬಿಟ್ಟರು.

"ತಪ್ಪಾದ್ರೆ ವಾಪಸ್ ತಗೋಬಹುದಾ?"

"ತಗೋಬಹುದು ಅಕ್ಕ. ಕೆಳಗಿಂದು ಒತ್ತಿ."

ಒತ್ತಿದರು. ಸಾಲು ಬಂತು. ಇನ್ನೊಂದು ಒತ್ತಿದರು. ಹೋಯಿತು. ಮತ್ತೆ ತಂದರು, ಮತ್ತೆ ಕಳಿಸಿದರು. "ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು ಅಂತಾರೆ. ಇದರಲ್ಲಿ ಆಡಿದ ಮಾತೂ ವಾಪಸ್ ಬರುತ್ತಲ್ಲ! ಮದುವೆ ಆದ ಹೊಸದರಲ್ಲಿ ಇದು ಇರ್ಬೇಕಿತ್ತು ನನಗೆ."

ಮೇಷ್ಟ್ರ ಮಗಳು ಟಿಕೆಟ್ ತೆಗೆದುಕೊಳ್ಳಲು ಬಂದಿದ್ದಳು. ಅವಳು ಯಾರೆಂದು ಅಕ್ಕ ನನಗೆ ಹೇಳಿದರು. ನಾನು, "ಅವತ್ತು ಸೂಚನೆ ಹಾಕಬೇಕಾದವಳು ನಾನು," ಅಂದೆ. ಅವಳು ಟಿಕೆಟನ್ನು ಪರ್ಸಿಗೆ ಸೇರಿಸಿದಳು. "ಅಪ್ಪ ಈಗ ಹುಷಾರಾಗಿದ್ದಾರೆ," ಎಂದಳು. ಪರವಾಗಿಲ್ಲ ಅಂತ ಅನ್ನಲಿಲ್ಲ. ಅನ್ನಬೇಕಾಗಿಯೂ ಇಲ್ಲ. ಅಕ್ಕ ಅವಳಿಗೆ ಡಬ್ಬಿ ತೋರಿಸಿ, "ಇನ್ಮೇಲೆ ನಾನೇ ಹಾಕೋದು, ನಿಮ್ಮಪ್ಪನಿಗೆ ಹೇಳು," ಎಂದರು.

ಹೊರಡುವಾಗ, "ಇನ್ಮೇಲೆ ಬೆಳಗ್ಗೆ ಹಾಯಾಗಿ ನಿದ್ದೆ ಮಾಡಿ ನೀವು," ಅಂದರು.

ಹೌದು ಅಂದೆ.

ಜನವರಿ ೨, ಶುಕ್ರವಾರ

ಎಲ್ಲ ಚೆನ್ನಾಗಿ ನಡೆಯುತ್ತಿದೆ. ಸರ್ವರ್‌ಗೂ ತೊಂದರೆಯಿಲ್ಲ. ಮೊನ್ನೆ ಎರಡು ದಿನ ಮಂಜಿತ್ತು, ಎರಡೂ ದಿನ ಸೂಚನೆ ಹೊತ್ತಿಗೆ ಸರಿಯಾಗಿ ಬಂತು. ಆಯ್ಕೆ ಸರಿಯಾಯಿತು.

ಹೊಸ ಕೆಲಸಗಳನ್ನು ಹುಡುಕಬೇಕು.

ಜನವರಿ ೭, ಬುಧವಾರ

ಅದೇ ಹೊತ್ತಿಗೆ ಎಚ್ಚರವಾಗುತ್ತದೆ. ಫೋನು ಪಕ್ಕದಲ್ಲಿ ತೆಪ್ಪಗೆ ಬಿದ್ದಿರುತ್ತದೆ.

ಜನವರಿ ೧೩, ಮಂಗಳವಾರ

ಎದ್ದ ಕೂಡಲೇ ಲಾಂಚ್ ಕಂಪನಿಯ ಪುಟ ತೆರೆಯುವುದು ಅಭ್ಯಾಸವಾಗಿದೆ. ನಿಗಾ ಇಡಬೇಕಲ್ಲ. ಅಕ್ಕನ ಸೂಚನೆಗಳು ದಿನ ದಿನಕ್ಕೆ ಉದ್ದವಾಗುತ್ತಿವೆ. ಇವತ್ತಿನದು: 'ಮಂಜು ಇದೆ ಮೊದಲ ಲಾಂಚ್ ಇಲ್ಲ ಎರಡನೇದು ನೋಡಬೇಕು ಆಸ್ಪತ್ರೆಗೆ ಹೋಗೋರು ಕಾಯಬೇಡಿ ಬಸ್ಸಿಗೆ ಹೋಗಿ ಮಕ್ಕಳಿಗೆ ಟೋಪಿ ಹಾಕಿ ಕರ್ಕೊಂಡು ಬನ್ನಿ ಗಾಳಿ ಇದೆ.' ಒಂದು ಚುಕ್ಕಿಯಿಲ್ಲ, ಒಂದು ಅಲ್ಪವಿರಾಮವಿಲ್ಲ. ಓದಿದರೆ ದನಿ ಕೇಳಿಸುತ್ತದೆ.

ಮ್ಯಾನೇಜರ್ ಫೋನ್ ಮಾಡಿದ್ದರು. "ಟೋಪಿ ಗೀಪಿ ಎಲ್ಲ ಬರೀತಿದ್ದಾರೆ ಮೇಡಂ. ಇಷ್ಟೇ ಅಕ್ಷರ ಅಂತ ಒಂದು ಮಿತಿ ಹಾಕೋಕಾಗುತ್ತಾ?"

"ಇಲ್ಲ ಸರ್, ಈ ಸಿಎಂಎಸ್‌ನಲ್ಲಿ ಆ ಸೌಲಭ್ಯ ಇಲ್ಲ," ಅಂದೆ.

ಇದೆ. ಒಂದು ಸಾಲು ಬರೆದರೆ ಆಗುತ್ತದೆ.

ಜನವರಿ ೧೯, ಸೋಮವಾರ

ಇವತ್ತು ಯಾರೊಂದಿಗೂ ಮಾತಾಡಲಿಲ್ಲ. ನಿನ್ನೆಯೂ ಇರಲಿಕ್ಕಿಲ್ಲ. ಸಂಜೆ ಗಂಟಲು ಸರಿಯಿದೆಯೇ ಎಂದು ನೋಡಲು ಒಂದು ಸಲ ಕೆಮ್ಮಿದೆ.

ಜನವರಿ ೨೩, ಶುಕ್ರವಾರ

ಬೆಳಗ್ಗೆ ಪುಟ ನೋಡಿದೆ. 'ಎಲ್ಲ ಲಾಂಚ್ ಇದೆ ಬಿಸಿಲು ಚೆನ್ನಾಗಿದೆ.' ಸರಿಯಾಗಿಯೇ ಇತ್ತು. ಪುಟ ಮುಚ್ಚಿದೆ. ಮುಖ ತೊಳೆದೆ. ಕೆಳಗೆ ಬೀಗದ ಕೈಯವನು ಅಂಗಡಿ ತೆರೆದು ಅರ ಉಜ್ಜತೊಡಗಿದ್ದ. ನಾನು ಕಿಟಕಿಯ ಬಳಿ ನಿಂತು ಫೋನ್ ಕೈಗೆತ್ತಿಕೊಂಡು ಅಕ್ಕನ ನಂಬರು ಒತ್ತಿದೆ. ಇಷ್ಟು ವರ್ಷದಲ್ಲಿ ನಾನಾಗಿ ಅವರಿಗೆ ಕೆಲಸವಿಲ್ಲದೆ ಫೋನ್ ಮಾಡಿದ್ದಿಲ್ಲ.

"ಏನಾದ್ರೂ ಕೆಟ್ಟೋಯ್ತಾ?" ಎತ್ತಿದ ತಕ್ಷಣ ಗಾಬರಿ. "ನಾನು ಡಬ್ಬಿ ಬಿಟ್ಟು ಬೇರೆ ಏನೂ ಮುಟ್ಟಿಲ್ಲಪ್ಪ!"

"ಏನೂ ಕೆಟ್ಟಿಲ್ಲ ಅಕ್ಕ."

"ಮತ್ತೆ?"

ಏನು ಹೇಳಬೇಕೆಂದು ನಾನು ಯೋಚಿಸಿಯೇ ಇರಲಿಲ್ಲ. ಆ ಕಡೆ ಜನರ ಗಲಾಟೆ, ಇಂಜಿನ್ನಿನ ಸದ್ದು.

"ಅಲ್ಲಿ ಬಿಸಿಲು ಹೇಗಿದೆ ಅಂತ..."

"ಚೆನ್ನಾಗಿದೆ ಅಂತ ಹಾಕಿದ್ದೀನಲ್ಲ! ಕಾಣ್ತಿಲ್ವಾ ನಿಮಗೆ?"

"ಕಾಣ್ತಿದೆ. ನೋಡ್ದೆ."

ಇಟ್ಟುಬಿಡಲೇ ಅನಿಸಿತು. ಅವರ ಟಿಕೆಟ್ ಕಿಟಕಿಯ ಆಚೆಯಿಂದ ಯಾರೋ ಎರಡು ಟಿಕೆಟ್ ಕೊಡಿ, ಬೇಗ ಎನ್ನುತ್ತಿದ್ದರು. ಆಗ ಅಕ್ಕನ ಒಡೆದ ದನಿ ಅವರ ಮೇಲೆ ಏರಿತು, ಆಚೆ ದಡಕ್ಕೂ ಕೇಳಿಸಿರಬೇಕು:

"ಸ್ವಲ್ಪ ತಡೀರಿ ಸ್ವಾಮಿ, ಲಾಂಚೇನೂ ಓಡೋಗಲ್ಲ! ನಮ್ಮ ಹುಡುಗಿ ಫೋನ್ ಮಾಡಿದ್ದಾಳೆ."

ಆಮೇಲೆ ನನ್ನ ಕಡೆ ತಿರುಗಿ, "ಹೂಂ, ಹೇಳು," ಎಂದರು.

ನಾನು ಕುರ್ಚಿ ಎಳೆದುಕೊಂಡು ಕುಳಿತೆ.